ಗಂಟಲು ಅಂತ ಬರಿ

ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕಾಲೇಜಿನಿಂದ ಫೋನ್ ಬಂದಾಗ ನನಗೆ ಮೊದಲು ನೆನಪಾಗಿದ್ದು ಮೆಸ್ಸಿನ ಕುಚ್ಚಲಕ್ಕಿ ಗಂಜಿ. ಜೋಳದ ರೊಟ್ಟಿ ತಿಂದು ಬೆಳೆದವನಿಗೆ ಅದು ಒಗ್ಗೋಕೆ ಒಂದು ವರ್ಷ ಹಿಡಿಯಿತು. 2005ರ ಜೂನ್‌ನಲ್ಲಿ ಉತ್ತರ ಕರ್ನಾಟಕದ ಬೆಟಗೇರಿಯಿಂದ ಟ್ರಂಕು, ಚಾಪೆ ಹೊತ್ತುಕೊಂಡು ಥಿಯಾಲಜಿ, ಅಂದರೆ ಕ್ರೈಸ್ತ ಧರ್ಮಶಾಸ್ತ್ರ, ಓದಲು ಮಂಗಳೂರಿನ ಬಲ್ಮಠದ ಗುಡ್ಡ ಹತ್ತಿದಾಗ ಮಳೆ ಹೊಯ್ಯುತ್ತಿತ್ತು. ಅಷ್ಟೂ ನೀರು ಸುಮ್ನೆ ಚರಂಡಿಗೆ ಹರಿದು ಹೋಗೋದನ್ನು ನೋಡಿ ಹೊಟ್ಟೆ ಉರಿಯಿತು. ನಮ್ಮ ಮನೆಯಲ್ಲಿ ನಲ್ಲಿ ನೀರು ಬಂದ ದಿನ ಅಜ್ಜಿ ಕ್ಯಾಲೆಂಡರಿನಲ್ಲಿ ಸುಣ್ಣದ ಬೊಟ್ಟು ಇಡುತ್ತಿದ್ದಳು. ಮುಂದಿನ ಸರದಿ ಯಾವತ್ತು ಅಂತ ಅಲ್ಲಿಂದ ಎಣಿಕೆ.

ಆ ಕ್ಯಾಲೆಂಡರು ಚರ್ಚಿನದು. ಕ್ರೈಸ್ತರ ಮನೆಗಳಲ್ಲಿ ಬೆಳೆದವರಿಗೆ ಅದರ ಚಿತ್ರ ಗೊತ್ತೇ ಇರುತ್ತದೆ. ಹಸಿರು ಕಾಡು, ಹಿಂದೆ ಜಲಪಾತ, ಮುಂದೆ ತುಂಬಿ ಹರಿಯುವ ತೊರೆ. ತೊರೆಯ ದಂಡೆಯಲ್ಲಿ ಮೈ ತುಂಬಿಕೊಂಡ ಜಿಂಕೆ. ಕೆಳಗೆ ಬೈಬಲಿನ 42ನೇ ಕೀರ್ತನೆಯ ಮೊದಲ ವಚನ: ಜಿಂಕೆ ನೀರಿನ ತೊರೆಗಾಗಿ ಹಂಬಲಿಸುವ ಹಾಗೆ, ದೇವರೇ, ನನ್ನ ಆತ್ಮವು ನಿನಗಾಗಿ ಹಂಬಲಿಸುತ್ತದೆ.

ಎರಡನೇ ವರ್ಷ ಹೀಬ್ರೂ ತರಗತಿಗೆ ಅದೇ ಕೀರ್ತನೆ ಬಂತು. ಹಳೆ ಒಡಂಬಡಿಕೆ, ಅಂದರೆ ಹೀಬ್ರೂವಿನಲ್ಲಿರುವ ಬೈಬಲಿನ ಮೊದಲ ಭಾಗ, ಕಲಿಸುತ್ತಿದ್ದ ನಮ್ಮ ಸರ್‌ಗೆ ಅನುವಾದ ಮಾಡಿಸುವ ಹುಚ್ಚು. ನಿಘಂಟು ಮಾಡಿದ ಕಿಟೆಲ್ ದುಡಿದ ಊರಿದು, ಇಲ್ಲಿ ಕೂತು ಕೆಟ್ಟ ಕನ್ನಡ ಬರೆಯಬಾರದು ಅನ್ನೋರು. ನಾನು ಬೋರ್ಡಿನ ಮೇಲೆ 'ದೇವರೇ, ನನ್ನ ಆತ್ಮವು ನಿನಗಾಗಿ ಬಾಯಾರಿದೆ' ಅಂತ ಬರೆದೆ. ಸರ್ ಚಾಕ್‌ಪೀಸ್ ತಗೊಂಡು 'ಆತ್ಮ'ದ ಸುತ್ತ ಗೋಲ ಹಾಕಿದರು.

"ಆತ್ಮಕ್ಕೆ ಬಾಯಿ ಎಲ್ಲಿದೆ ಮಾರಾಯ? ಗಂಟಲು ಅಂತ ಬರಿ."

ನಾವು ನಕ್ಕೆವು. ಅವರು ನಗಲಿಲ್ಲ. ಹೀಬ್ರೂವಿನ 'ನೆಫೆಶ್' ಅನ್ನೋ ಮಾತಿಗೆ ಪ್ರಾಣ, ಉಸಿರು, ಮನಸ್ಸು ಎಲ್ಲ ಅರ್ಥವೂ ಇದೆ, ಗಂಟಲು ಅಂತಲೂ ಇದೆ. 69ನೇ ಕೀರ್ತನೆಯಲ್ಲಿ ನೀರು ನೆಫೆಶ್ ತನಕ ಬಂತು ಅಂತ ಒಬ್ಬ ಕೂಗುತ್ತಾನೆ. ಅಲ್ಲಿ ಮುಳುಗ್ತಾ ಇರೋದು ಕುತ್ತಿಗೆ ಅಲ್ವಾ? ಆಮೇಲೆ ಜಿಂಕೆಯ ಸರದಿ. ಆ ಜಿಂಕೆ ಹಂಬಲಿಸುತ್ತದೆ ಅನ್ನೋದಕ್ಕೆ ಇರುವ ಕ್ರಿಯಾಪದ ಇಡೀ ಹಳೆ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಸಿಗುತ್ತದೆ, ಯೋವೇಲನ ಪುಸ್ತಕದ ಮೊದಲನೇ ಅಧ್ಯಾಯದ ಕೊನೆಯಲ್ಲಿ. ಅಲ್ಲಿ ಬರಗಾಲ. ಹಳ್ಳಗಳು ಬತ್ತಿ ಹೋಗಿವೆ. ಅಡವಿಯ ಮೃಗಗಳು ದೇವರ ಕಡೆ ತಲೆಯೆತ್ತಿ ಒರಲುತ್ತಿವೆ.

"ನಿಮ್ಮ ಕ್ಯಾಲೆಂಡರಿನ ಜಿಂಕೆಗೆ ಎಲ್ಲಿದೆ ಬಾಯಾರಿಕೆ? ಅದು ಹೊಟ್ಟೆ ತುಂಬ ಕುಡಿದು ಫೋಟೊಗೆ ನಿಂತಿದೆ," ಅಂದರು ಸರ್.

ಬೇರೆಯವರಿಗೆ ಅದು ಪಾಠ. ನನಗೆ ನಮ್ಮ ಕಡೆಯ ಎರೆಹೊಲ ಕಣ್ಣಿಗೆ ಬಂತು. ನಮ್ಮಲ್ಲಿ ಜಿಂಕೆ ಅಂದರೆ ಕಡಲೆ ಹೊಲ ಮೇಯುವ ಪ್ರಾಣಿ, ರೈತರು ಡಬ್ಬಿ ಬಡಿದು ಓಡಿಸುತ್ತಾರೆ. ಬೇಸಿಗೆಯಲ್ಲಿ ಅವು ಬತ್ತಿದ ಹಳ್ಳದ ಮರಳಿನಲ್ಲಿ ಮೂಗಿಟ್ಟು ನಿಂತಿದ್ದನ್ನು ನೋಡಿದ್ದೇನೆ. ಆ ವಚನ ನನಗೆ ಬಾಯಿಪಾಠ ಇತ್ತು. ಆ ಜಿಂಕೆಯೂ ಗೊತ್ತಿತ್ತು. ಎರಡನ್ನೂ ಜೋಡಿಸಿರಲಿಲ್ಲ, ಅಷ್ಟೇ.

ಆ ವರ್ಷ ನನ್ನದೇ ಒಂದು ಬರಗಾಲ ನಡೆದಿತ್ತು. ಯಾರಿಗೂ ಹೇಳಿರಲಿಲ್ಲ. ಊರಲ್ಲಿ ಇದ್ದಾಗ ಪ್ರಾರ್ಥನಾಕೂಟದಲ್ಲಿ ಕೂತರೆ ಕಣ್ಣಲ್ಲಿ ನೀರು ಬರುತ್ತಿತ್ತು. ಅದನ್ನು ನಂಬಿಕೊಂಡೇ ದೇವರ ಕೆಲಸಕ್ಕೆ ಅಂತ ಹೊರಟು ಬಂದವನು. ಇಲ್ಲಿಗೆ ಬಂದು ಗ್ರೀಕ್, ಹೀಬ್ರೂ, ಚರ್ಚಿನ ಚರಿತ್ರೆ ಓದುತ್ತಾ ಓದುತ್ತಾ ಒಳಗೆಲ್ಲ ಒಣಗಿತು. ಬೆಳಗಿನ ಆರಾಧನೆ ನಡೆಸುವ ಸರದಿ ಬಂದಾಗ ಬಾಯಿಂದ ಮಾತು ಸರಿಯಾಗೇ ಬರುತ್ತಿತ್ತು, ಆದರೆ ನೀರಿಲ್ಲದ ನಲ್ಲಿ ತಿರುಗಿಸಿದಾಗ ಬರೀ ಗಾಳಿ ಸುಸ್ ಅಂತದಲ್ಲ, ಹಾಗೆ. ಪ್ರಸಂಗಕ್ಕೆ, ಅಂದರೆ ಉಪದೇಶಕ್ಕೆ, ಒಳ್ಳೆ ಮಾರ್ಕ್ಸ್ ಬೇರೆ ಬರುತ್ತಿತ್ತು. ಅದು ಜಾಸ್ತಿ ಚುಚ್ಚುತ್ತಿತ್ತು.

2007ರಲ್ಲಿ ಮದರ್ ತೆರೇಸಾ ಅವರ ಪತ್ರಗಳು ಹೊರಬಂದವು. ಆಕೆ ತೀರಿಕೊಂಡು 10 ವರ್ಷವಾಗಿತ್ತು. ನಾಶ ಮಾಡಿಬಿಡಿ ಅಂತ ಆಕೆಯೇ ಕೇಳಿಕೊಂಡಿದ್ದ ಪತ್ರಗಳವು. ಹತ್ತಿರ ಹತ್ತಿರ 50 ವರ್ಷ ಒಳಗೆ ಬರೀ ಕತ್ತಲು, ದೇವರು ಇದ್ದಾನೆ ಅಂತಲೇ ಅನಿಸುತ್ತಿಲ್ಲ ಅನ್ನೋ ಅರ್ಥದ ಮಾತು ಅವುಗಳಲ್ಲಿ ಇದ್ದವು. ಹಾಸ್ಟೆಲಿನಲ್ಲಿ ದೊಡ್ಡ ಜಗಳ. "ಅಂದ್ರ ಇಷ್ಟು ದಿನ ನಕ್ಕಿದ್ದೆಲ್ಲಾ ನಾಟಕ ಏನು?" ಅಂದ ನನ್ನ ರೂಮಿನವನು. ನಾವು ಪ್ರಾಟೆಸ್ಟೆಂಟರು, ಆಕೆ ಕ್ಯಾಥೊಲಿಕ್, ನಮಗ್ಯಾಕೆ ಅಂದವರೂ ಇದ್ದರು. ನಾನು ಪೇಪರಿನ ಆ ತುಂಡು ಕತ್ತರಿಸಿ ಹೀಬ್ರೂ ವ್ಯಾಕರಣದ ಪುಸ್ತಕದಲ್ಲಿಟ್ಟುಕೊಂಡೆ.

ಸರ್ ಕಣ್ಣಿಗೆ ಅದು ಬಿತ್ತು. ಏನು ಅಂತ ಕೇಳಿದರು. ಅವತ್ತು ನನ್ನ ಕಥೆ ಎಲ್ಲ ಹೇಳಿಬಿಟ್ಟೆ. ಸಮಾಧಾನ ಹೇಳುತ್ತಾರೆ, ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಮಾತು.

"ಹಸಿವೇ ಇಲ್ಲದವನು ಊಟ ತಡವಾಯ್ತು ಅಂತ ಗೊಣಗುತ್ತಾನಾ?"

ಆಮೇಲೆ 42, 43 ಎರಡೂ ಕೀರ್ತನೆ ಒಟ್ಟಿಗೆ ಓದಿಸಿದರು. ಅವೆರಡು ಮೂಲದಲ್ಲಿ ಒಂದೇ ಇದ್ದವು ಅಂತ ತುಂಬಾ ಪಂಡಿತರು ಹೇಳುತ್ತಾರೆ, ಯಾಕೆಂದರೆ ಒಂದೇ ಪಲ್ಲವಿ ಮೂರು ಸಲ ಬರುತ್ತದೆ: ಯಾಕೆ ಕುಗ್ಗಿದ್ದೀ, ದೇವರಿಗೆ ಕಾದಿರು. ಕೀರ್ತನೆ ಹಾಡುವ ಆ ಮನುಷ್ಯ ಯೆರೂಸಲೇಮಿನ ದೇವಾಲಯದಿಂದ ದೂರ, ಹೆರ್ಮೋನ್ ಬೆಟ್ಟದ ಕಡೆ ಎಲ್ಲೋ ಇದ್ದಾನೆ. ಜನರ ಜೊತೆ ಹಾಡುತ್ತಾ ಹೋಗಿದ್ದನ್ನು ನೆನೆಸಿಕೊಳ್ಳುತ್ತಾನೆ. ನಿನ್ನ ದೇವರು ಎಲ್ಲಿ ಅಂತ ಜನ ಕೆಣಕುತ್ತಾರೆ. ಬಾಯಾರಿದೆ ಅಂತ ಶುರು ಮಾಡಿದವನೇ ನಡುವೆ ನಿನ್ನ ತೆರೆಗಳೆಲ್ಲ ನನ್ನ ಮೇಲೆ ಹಾದುಹೋದವು ಅನ್ನುತ್ತಾನೆ. ಕುಡಿಯೋಕೆ ಹನಿ ಇಲ್ಲ, ಮುಳುಗಿಸೋಕೆ ಸಮುದ್ರ! ಕೊನೆಯ ಸಾಲಿನವರೆಗೂ ಅವನಿಗೆ ನೀರು ಸಿಕ್ಕಿತು ಅಂತ ಎಲ್ಲೂ ಇಲ್ಲ.

ಪಲ್ಲವಿಯಲ್ಲೂ 'ನೆಫೆಶ್' ಇದೆ ಅಂತ ನಾನು ಬುದ್ಧಿವಂತನ ಹಾಗೆ 'ಗಂಟಲೇ, ಯಾಕೆ ಕುಗ್ಗಿದ್ದೀ' ಅಂತ ಬರೆದುಕೊಂಡು ಹೋಗಿದ್ದೆ. "ಅಲ್ಲಿ ಮನಸ್ಸೇ ಅಂತ ಬರಿ. ಎಲ್ಲ ಕಡೆ ಗಂಟಲು ತುರುಕಬೇಡ," ಅಂತ ಬೈದರು.

ನನ್ನ ಬರಗಾಲ ಅವತ್ತೇ ಮುಗಿಯಿತು ಅಂತಲ್ಲ. ದೇವರು ನಮಗೆ ಮಾಡಿದ್ದನ್ನು ಚರ್ಚಿನಲ್ಲಿ ಎದ್ದು ಸಾಕ್ಷಿ ಹೇಳುವಾಗ ನಾವು ಹಾಗೆ ಮುಗಿಸಿಬಿಡುತ್ತೇವೆ, ಕೇಳುವವರಿಗೂ ಅದೇ ಬೇಕು. ಈಗಲೂ ಎಷ್ಟೋ ಬೆಳಗಿನಲ್ಲಿ ನಲ್ಲಿಯಿಂದ ಗಾಳಿಯೇ ಬರುತ್ತದೆ. ಆದರೆ ಅಜ್ಜಿಯ ಅಭ್ಯಾಸ ನೆನಪಾಗುತ್ತದೆ. ಸರದಿಯ ದಿನ ಹತ್ತಿರ ಬಂತು ಅಂದರೆ ನಲ್ಲಿ ತೆರೆದಿಟ್ಟೇ ಮಲಗುತ್ತಿದ್ದಳು. ಸುಸ್ ಅನ್ನೋ ಸದ್ದಿಗೆ ಮೊದಲು ಏಳುತ್ತಿದ್ದವಳು ಅವಳೇ. "ಗಾಳಿ ಬಂತಂದ್ರ ಪೈಪಿನ್ಯಾಗ ಏನೋ ನಡದೈತಿ," ಅನ್ನೋಳು.

ಈಗ ನಾನು ಉತ್ತರ ಕರ್ನಾಟಕದ ಒಂದು ಸಣ್ಣ ಕ್ರೈಸ್ತ ಸಭೆಯ ಪಾಲಕ, ಅಂದರೆ ಪಾದ್ರಿ. ಹೋದ ವರ್ಷ ನಮ್ಮ ಸಭೆಯ ಒಬ್ಬ ಮುದುಕಿಗೆ ಹೊಟ್ಟೆಯ ಆಪರೇಷನ್ ಆಯಿತು. ನೋಡಲು ಹೋದೆ. ಬಾಯಿಗೆ ಏನೂ ಕೊಡಬೇಡಿ ಅಂದಿದ್ದರು. ನಾನು ಬೈಬಲ್ ತೆಗೆಯುವಷ್ಟರಲ್ಲಿ ಆಕೆ ನೀರು ಅಂದಳು. ಮತ್ತೆ ನೀರು ಅಂದಳು. ನರ್ಸ್ ಒಂದು ಬಟ್ಟಲಲ್ಲಿ ಹತ್ತಿ ಅದ್ದಿ ಕೊಟ್ಟು, ತುಟಿಗೆ ಮಾತ್ರ ಒರೆಸಿ ಅಂದರು. ಬೈಬಲ್ ಮಡಚಿಟ್ಟು ಹತ್ತಿ ತಗೊಂಡೆ. ತುಟಿ ಬಿರುಕು ಬಿಟ್ಟಿತ್ತು. ಹತ್ತಿ ತಾಗಿದ ಕೂಡಲೇ ಆಕೆಯ ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬಂತು, ನುಂಗಲು ಏನೂ ಇಲ್ಲದಿದ್ದರೂ.

ಸುಮಾರು ಹೊತ್ತು ಅದನ್ನೇ ಮಾಡುತ್ತಾ ಕೂತೆ.

"ಪ್ರಾರ್ಥನೆ ಮಾಡ್ಲಿಲ್ಲಲ್ರೀ ಅಯ್ಯನೋರ," ಅಂದಳು.

ಕಣ್ಣು ಮುಚ್ಚಿದೆ. 42ನೇ ಕೀರ್ತನೆಯ ಮೊದಲ ಸಾಲು ಮಾತ್ರ ಬಂತು. ಕಣ್ಣು ಬಿಟ್ಟಾಗ ಆಕೆ ಬಾಯಿ ತೆರೆದುಕೊಂಡೇ ಇದ್ದಳು. ಹತ್ತಿಯನ್ನು ಮತ್ತೆ ಅದ್ದಿದೆ.