ಪೆಟ್ಟಿಗೆಯಲ್ಲಿ ಟ್ರ್ಯಾಪ್ ಕೂರಿಸುವುದು, ಮರಕ್ಕೆ ಬಿಗಿಯುವುದು

ನವೆಂಬರ್ 18, 2023, ಶನಿವಾರ
ಥಂಡರ್ ಬೇ, ಒಂಟಾರಿಯೊ, ಕೆನಡಾ

ನೆರೆಮನೆಯ ಹಿರಿಯರೊಂದಿಗೆ ಇಂದು ಅವರ ಟ್ರ್ಯಾಪ್‌ಲೈನಿನಲ್ಲಿ, ಅಂದರೆ ಕಾಡಿನೊಳಗೆ ಅವರು ಸಾಲಾಗಿ ಟ್ರ್ಯಾಪುಗಳನ್ನಿಡುವ ಜಾಡಿನಲ್ಲಿ, ದಿನವಿಡೀ ನಡೆದೆ. ತುಪ್ಪಳಕ್ಕಾಗಿ ಮಾರ್ಟೆನ್ ಹಿಡಿಯಲು ಅವರಿಗೆ ಪರವಾನಗಿ ಇದೆ. ನನಗಿಲ್ಲವಾದ್ದರಿಂದ ಚೀಲ ಹೊತ್ತುಕೊಂಡು ನೋಡುವುದು ನನ್ನ ಪಾಲಿನ ಕೆಲಸವಾಗಿತ್ತು. ಮಾರ್ಟೆನ್ ಮರ ಹತ್ತುವ, ಬೆಕ್ಕಿಗಿಂತ ಚಿಕ್ಕದಾದ ಕಂದು ಪ್ರಾಣಿ. ಕೊಡಗಿನ ಕಾಡುಗಳಲ್ಲಿ ಅಪರೂಪಕ್ಕೆ ಕಣ್ಣಿಗೆ ಬೀಳುವ, ಹಳದಿ ಕೊರಳಿನ ನೀಲಗಿರಿ ಮಾರ್ಟೆನ್ ಇದೇ ಕುಲಕ್ಕೆ ಸೇರಿದ್ದು. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಅದನ್ನು ಹಿಡಿಯುವ ಮಾತೇ ಇಲ್ಲ; ಇಲ್ಲಿ ಹಿಡಿಯಬಹುದು, ಆದರೆ ಯಾವ ತಿಂಗಳಲ್ಲಿ, ಯಾವ ಜಾಗದಲ್ಲಿ, ಯಾವ ಮಾದರಿಯ ಟ್ರ್ಯಾಪಿನಿಂದ ಎಂಬುದಕ್ಕೆಲ್ಲ ಕಟ್ಟುನಿಟ್ಟಾದ ನಿಯಮಗಳಿವೆ.

ಅವರು ಬಳಸುವುದು 120 ಎಂಬ ಅಳತೆಯ ಕಾನಿಬೇರ್ ಮಾದರಿ. ಕೆನಡಾದಲ್ಲಿ ಬೇಟೆಯಿಂದಲೇ ಬದುಕಿದ್ದ ಫ್ರಾಂಕ್ ಕಾನಿಬೇರ್ ರೂಪಿಸಿದ ಈ ಟ್ರ್ಯಾಪ್ 1950ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂತು. ಕಾಲನ್ನು ಕಚ್ಚಿ ಹಿಡಿದು ಗಂಟೆಗಟ್ಟಲೆ ನರಳಿಸುವ ಹಳೆಯ ಟ್ರ್ಯಾಪುಗಳ ಬದಲು, ಎರಡು ಚೌಕ ಚೌಕಟ್ಟುಗಳು ಕತ್ತರಿಯಂತೆ ತಿರುಗಿ ಕುತ್ತಿಗೆ ಮತ್ತು ಎದೆಯನ್ನು ಅಮುಕಿ ಬೇಗನೆ ಕೊಲ್ಲಬೇಕೆಂಬುದು ಅದರ ಉದ್ದೇಶ. ಕೆನಡಾ ಮತ್ತು ಐರೋಪ್ಯ ಒಕ್ಕೂಟಗಳು ಸೇರಿಕೊಂಡ 1997ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಕೊಲ್ಲುವ ಟ್ರ್ಯಾಪಿನಲ್ಲಿ ಮಾರ್ಟೆನ್ 120 ಸೆಕೆಂಡಿನೊಳಗೆ ಪ್ರಜ್ಞೆ ಕಳೆದುಕೊಳ್ಳಬೇಕು. ಆದರೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಟ್ರ್ಯಾಪು ಕಾಡಿನಲ್ಲೂ ಹಾಗೆಯೇ ಕೆಲಸ ಮಾಡಬೇಕಾದರೆ ಚೌಕಟ್ಟು ಬೀಳಬೇಕಾದ ಜಾಗದಲ್ಲೇ ಬೀಳಬೇಕು, ಮತ್ತು ಅದು ಟ್ರ್ಯಾಪನ್ನು ಕೂರಿಸಿದ ರೀತಿಯನ್ನು ಅವಲಂಬಿಸಿದೆ.

ಟ್ರ್ಯಾಪನ್ನು ಕೂರಿಸುವ ಪೆಟ್ಟಿಗೆ ಪೈನ್ ಹಲಗೆಯದು, ಒಳಗೆ ಟ್ರ್ಯಾಪು ಹಿಡಿಸುವಷ್ಟೇ ಅಗಲ. ಹಿಂಬದಿಗೆ ತಂತಿಯ ಜಾಲರಿ ಹೊಡೆದು, ಅದರ ಹತ್ತಿರ ಬೀವರ್ ಮಾಂಸದ ತುಂಡನ್ನು ಕಟ್ಟಿರುತ್ತಾರೆ. ಎರಡೂ ಪಕ್ಕದ ಹಲಗೆಗಳಲ್ಲಿ ಬಾಯಿಯ ಕಡೆಗೆ ತೆರೆದುಕೊಂಡ ಸೀಳುಗಳಿದ್ದು, ಸ್ಪ್ರಿಂಗುಗಳ ಬಳೆಗಳು ಅವುಗಳ ಮೂಲಕ ಹೊರಗೆ ಚಾಚುತ್ತವೆ. ಇಡೀ ಕೆಲಸದ ಸೂಕ್ಷ್ಮ ಇರುವುದು ಈ ಸೀಳಿನಲ್ಲಿ. ಸಿಡಿಯುವ ತನಕ ಟ್ರ್ಯಾಪು ಅಲ್ಲಾಡಕೂಡದು. ಅಲ್ಲಾಡಿದರೆ ಪ್ರಾಣಿ ಮೂತಿ ತಾಗಿಸಿ ಹಿಂದೆ ಸರಿಯುತ್ತದೆ, ಅಥವಾ ಚೌಕಟ್ಟು ಓರೆಯಾಗಿ ಬಿದ್ದು ಕುತ್ತಿಗೆಯ ಬದಲು ಮೂತಿಯನ್ನೋ ಸೊಂಟವನ್ನೋ ಹಿಡಿಯುತ್ತದೆ. ಸಿಡಿದ ಮೇಲೆ ಮಾತ್ರ ಅದೇ ಟ್ರ್ಯಾಪು ಪೆಟ್ಟಿಗೆಯಿಂದ ಸಲೀಸಾಗಿ ಜಾರಿ ಹೊರಬರಬೇಕು. ಒಂದು ಹಳೆಯ ಪೆಟ್ಟಿಗೆಯ ಎಡಗಡೆಯ ಸೀಳು ನೀರು ಕುಡಿದು ಉಬ್ಬಿತ್ತು. ಹಿರಿಯರು ಬೆರಳಿನಿಂದ ಸವರಿ ನೋಡಿ, ಮಾತಿಲ್ಲದೆ ಚಾಕು ತೆಗೆದು, ಬಳೆ ತಡೆಯಿಲ್ಲದೆ ಓಡಾಡುವವರೆಗೂ ಅಂಚನ್ನು ಹೆರೆದರು. ಇಕ್ಕಟ್ಟಾದ ಸೀಳು ಸ್ಪ್ರಿಂಗಿನ ಬಲವನ್ನೇ ತಿಂದುಹಾಕುತ್ತದಂತೆ.

ಪ್ರಾಣಿ ತಾಗಿದೊಡನೆ ಟ್ರ್ಯಾಪನ್ನು ಸಿಡಿಸುವ ಟ್ರಿಗರ್ ತಂತಿಗಳನ್ನು ಅವರು ಮೇಲಿನಿಂದ ಇಳಿಬಿಡುತ್ತಾರೆ. ಕೆಳಗಿದ್ದರೆ ಹಿಮ ಸೇರಿಕೊಂಡು ಗಟ್ಟಿಯಾಗುವ ಅಪಾಯವಿರುತ್ತದೆ. ತಂತಿ ತಾಗಿಸಿ ಟ್ರ್ಯಾಪನ್ನು ಸುಮ್ಮನೆ ಸಿಡಿಸಿಬಿಡುವ ಅಳಿಲುಗಳ ಕಾಟಕ್ಕೆ ಮಾತ್ರ ಅವರಲ್ಲೂ ಪೂರ್ತಿ ಮದ್ದಿಲ್ಲ.

ಓರೆಯಾಗಿ ಮರಕ್ಕೆ ಒರಗಿಸಿದ ಕಂಬದ ಮೇಲೆ, ಎದೆಮಟ್ಟದಲ್ಲಿ, ಪೆಟ್ಟಿಗೆಯನ್ನು ತಂತಿಯಿಂದ ಬಿಗಿಯುತ್ತಾರೆ. ಟ್ರ್ಯಾಪಿನ ಸರಪಳಿಯನ್ನು ಎಂದೂ ಪೆಟ್ಟಿಗೆಗೆ ಕಟ್ಟುವುದಿಲ್ಲ. ಇದೇ ಜಾಡಿನಲ್ಲಿ ಓಡಾಡುವ ಫಿಶರ್ ಎಂಬ ಪ್ರಾಣಿ ಮಾರ್ಟೆನ್‌ಗಿಂತ ಬಲಶಾಲಿಯಾದದ್ದು. ಅದು ಎಳೆದಾಡಿದರೆ ಮೊಳೆ ಹೊಡೆದ ಹಲಗೆ ಕಿತ್ತುಬರುತ್ತದೆ, ಗಾಯಗೊಂಡ ಪ್ರಾಣಿ ಟ್ರ್ಯಾಪಿನ ಸಮೇತ ಕಾಡು ಸೇರುತ್ತದೆ. ಆದ್ದರಿಂದ ಸರಪಳಿಯ ಕೊನೆಯ ಬಳೆಗೆ ಮೆದು ಕಬ್ಬಿಣದ ತಂತಿ ಪೋಣಿಸಿ, ಕಂಬವನ್ನೂ ಮರವನ್ನೂ ಸೇರಿಸಿ ಎರಡು ಸುತ್ತು ಸುತ್ತಿ, ಇಕ್ಕಳದಿಂದ ತಿರುಚುತ್ತಾರೆ. ಸುತ್ತಿ ಬಿಟ್ಟ ತಂತಿ ಸಡಿಲವಾಗುತ್ತದೆ, ತಿರುಚಿದ್ದು ಆಗುವುದಿಲ್ಲ. ಹೀಗೆ ಕಟ್ಟಿದಾಗ ಸಿಕ್ಕ ಪ್ರಾಣಿ ಕಂಬದಿಂದ ಕೆಳಗೆ ತೂಗಾಡುತ್ತದೆಯಾದ್ದರಿಂದ ಇಲಿಗಳು ತುಪ್ಪಳ ಕಡಿಯುವುದೂ ತಪ್ಪುತ್ತದೆ. ಋತು ಮುಗಿದ ಮೇಲೆ ತಂತಿಯನ್ನು ಬಿಚ್ಚಲೇಬೇಕು, ಇಲ್ಲವಾದರೆ ಮರ ಬೆಳೆದಂತೆ ಅದು ತೊಗಟೆಯೊಳಗೆ ಹೂತುಹೋಗುತ್ತದೆ.

ಕಂಬದ ಎತ್ತರ ನಾಯಿಗಳ ಸಲುವಾಗಿಯೂ ಹೌದು. ಗ್ರೌಸ್ ಹಕ್ಕಿಯ ಬೇಟೆಗೆ ಬರುವವರ ನಾಯಿಗಳು ಮಾಂಸದ ವಾಸನೆ ಹಿಡಿದು ನೆಲದ ಮೇಲಿನ ಪೆಟ್ಟಿಗೆಗೆ ತಲೆ ಹಾಕಿದರೆ, ಅದರಲ್ಲೂ ಏಳು ಇಂಚಿನ 220 ಅಳತೆಯ ಟ್ರ್ಯಾಪ್ ಇದ್ದರೆ, ಬದುಕುವುದು ಕಷ್ಟ. ನೆಲದಲ್ಲಿ ಇಡುವವರು ಟ್ರ್ಯಾಪನ್ನು ಬಾಯಿಯಿಂದ ಸಾಕಷ್ಟು ಒಳಗೆ ಕೂರಿಸಿ ಬಾಯಿಯನ್ನು ಕಿರಿದುಗೊಳಿಸುತ್ತಾರೆ. ಜನ ಓಡಾಡುವ ಕಾಡಿನಲ್ಲಿ ಅದೂ ಸಾಲದೆಂದು ನನಗೆ ಅನ್ನಿಸುತ್ತದೆ. ಹಿರಿಯರ ಚೀಲದಲ್ಲಿ ಸದಾ ಒಂದು ಗಟ್ಟಿ ಹಗ್ಗವಿರುತ್ತದೆ. ನಾಯಿ ಸಿಕ್ಕಿಕೊಂಡರೆ ಚೌಕಟ್ಟನ್ನು ಕೈಯಿಂದ ಬಿಡಿಸಲು ಹೋಗಿ ಹೊತ್ತು ಕಳೆಯಬಾರದು. ಹಗ್ಗವನ್ನು ಸ್ಪ್ರಿಂಗಿನ ಎರಡೂ ಬಳೆಗಳಲ್ಲಿ ಎರಡು ಸಲ ತೂರಿಸಿ, ಒಂದು ತುದಿಯನ್ನು ಕಾಲಿನಿಂದ ಮೆಟ್ಟಿ, ಇನ್ನೊಂದನ್ನು ಮೇಲಕ್ಕೆ ಜಗ್ಗಿ ಸ್ಪ್ರಿಂಗನ್ನು ಅದುಮಿ ಕೊಕ್ಕೆ ಹಾಕಬೇಕು, ಬಳಿಕ ಇನ್ನೊಂದು ಸ್ಪ್ರಿಂಗು. ಸಂಜೆ ಅವರ ಕೊಟ್ಟಿಗೆಯಲ್ಲಿ ಖಾಲಿ ಟ್ರ್ಯಾಪಿನ ಮೇಲೆ ಇದನ್ನು ನನ್ನಿಂದ ಮಾಡಿಸಿದರು. ಮೊದಲ ಸ್ಪ್ರಿಂಗಿಗಿಂತ ಎರಡನೆಯದು ಸುಲಭವಾಯಿತು.