ತೂತು ಕಂಡಿತಾ?

ಮೂರು ದಿನದಿಂದ ಪಕ್ಕದ ಮನೆಯ ಹಿರಿಯರ ಈ ಒಂದು ಪ್ರಶ್ನೆಯೇ ಕಿವಿಯಲ್ಲಿ ಕೂತಿದೆ.

ಮಿನ್ನೆಸೋಟದ ಬಯಲು ಶೂಟಿಂಗ್ ರೇಂಜ್, ಮೈನಸ್ 14 ಡಿಗ್ರಿ. ಹತ್ತನೆಯ ತೋಟೆಗೆ ನನ್ನ .38 ಸ್ಪೆಷಲ್ ರಿವಾಲ್ವರ್ 'ಢಂ' ಅನ್ನಲಿಲ್ಲ, 'ಪುಸ್' ಅಂದಿತು. ಪಕ್ಕದ ಸಾಲಿನಲ್ಲಿದ್ದ ಹುಡುಗ ಕೇಳದೇ ಬುದ್ಧಿ ಹೇಳಿದ: "ಚಳಿಗೆ ಮದ್ದು ಮೆತ್ತಗಾಗಿದೆ, ಇನ್ನೊಂದು ಹೊಡೀರಿ." ಬೆರಳು ಮತ್ತೆ ಟ್ರಿಗರ್ ಮೇಲೆ ಹೋಗಿತ್ತು. ಹಿಂದಿನಿಂದ ಹಿರಿಯರ ದನಿ: "ನಿಲ್ಲಿಸು. ತೂತು ಕಂಡಿತಾ?"

ಗುರಿ ಹಾಳೆಯಲ್ಲಿ ಎಣಿಸಿದೆ. ಒಂಬತ್ತು.

ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡಿತ್ತು. ತೋಟೆಯಲ್ಲಿ ಮದ್ದೇ ಇರಲಿಲ್ಲ. ಮದ್ದಿಗೆ ಕಿಡಿ ಕೊಡುವ ತಳದ ಕೇಪು ಒಂದೇ ಸಿಡಿದು ಗುಂಡನ್ನು ಎರಡು ಬೆರಳಷ್ಟು ಮುಂದೆ ತಳ್ಳಿತ್ತು. ಹಿಂದೆಯೇ ಇನ್ನೊಂದು ಹೊಡೆದಿದ್ದರೆ ನಳಿಗೆ ಸೀಳಬಹುದಿತ್ತು. ಚಳಿಗೆ ಮದ್ದಿನ ವೇಗ ತುಸು ಇಳಿಯುವುದು ನಿಜ. ಆ ಅರ್ಧ ನಿಜವನ್ನೇ ಹಿಡಿದು ಅಷ್ಟು ಧೈರ್ಯವಾಗಿ ಹೇಳಿದನಲ್ಲ, ಅವನ ಮೇಲೆ ನನಗಿನ್ನೂ ಸಿಟ್ಟಿದೆ. ಆದರೆ ಆ ತೋಟೆ ತುಂಬಿದ್ದು ಅವನಲ್ಲ, ನಾನು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನೆಲಮಾಳಿಗೆಯಲ್ಲಿ ಐವತ್ತು ಖಾಲಿ ತೋಟೆ ಸಾಲಾಗಿ ನಿಲ್ಲಿಸಿ ಮದ್ದು ಹಾಕುತ್ತಿದ್ದೆ. ಕೊಡಗಿನ ನಮ್ಮೂರಿನಲ್ಲಿ ಆಗ ರಾತ್ರಿ, ಹೊಸ ಕದಿರಿನ ಹಬ್ಬ ಹುತ್ತರಿ. ಅವ್ವನ ವಿಡಿಯೋ ಕಾಲ್ ಬಂತು. ಕತ್ತಲ ಗದ್ದೆ, "ಪೊಲಿ ಪೊಲಿ ದೇವಾ" ಎಂಬ ಕೂಗು, ಕದಿರು ಕೊಯ್ಯುತ್ತಿದ್ದಂತೆ ಆಕಾಶಕ್ಕೆ ಅಪ್ಪನ ಕೋವಿ. ಹನ್ನೊಂದು ವರ್ಷವಾಯಿತು ನಾನು ಆ ಗದ್ದೆಯಲ್ಲಿ ನಿಂತು. ಕಣ್ಣೊರೆಸಿಕೊಂಡು ಬಂದವನು ಎಲ್ಲಿಗೆ ನಿಲ್ಲಿಸಿದ್ದೆನೋ ಅಲ್ಲಿಂದಲೇ ಶುರು ಮಾಡಿದೆ ಅಂದುಕೊಂಡೆ.

ಈ ಬಗೆಯ ತೋಟೆ 1898ರ ಹೊತ್ತಿನದು, ಕರಿಮದ್ದಿಗೆಂದು ಮಾಡಿದ ಅಳತೆ. ಈಗಿನ ಮದ್ದು ಅರ್ಧ ಗ್ರಾಮೂ ಬೇಡ, ತಳದಲ್ಲಿ ಚೂರು ಕಾಣುತ್ತದೆ ಅಷ್ಟೆ. ಎರಡು ಸಲ ಬಿದ್ದರೂ ತುಳುಕುವುದಿಲ್ಲ, ಒಂದೂ ಬೀಳದಿದ್ದರೂ ಕೈಗೆ ತಿಳಿಯುವುದಿಲ್ಲ. ಗುಂಡೇ 158 ಗ್ರೇನ್, ಹತ್ತು ಗ್ರಾಮಿನ ಮೇಲೆ. ತೂಗಿ ನೋಡಿದರೂ ನಂಬುವ ಹಾಗಿಲ್ಲ. ಅದಕ್ಕೇ ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಒಂದೊಂದನ್ನೂ ಇಣುಕಬೇಕು. ಹಿರಿಯರು ಮೊದಲ ದಿನವೇ ಹೇಳಿಕೊಟ್ಟ ಪಾಠ. ಆವತ್ತು ನಾನು ಟಾರ್ಚ್ ಮುಟ್ಟಿರಲಿಲ್ಲ.

ರೇಂಜಿನಿಂದ ಬಂದವರೇ ಹಿರಿಯರು ಕೋಟೂ ಬಿಚ್ಚದೆ ನನ್ನ ಜೊತೆ ಕೂತರು. ಉಳಿದ ನಲವತ್ತನ್ನೂ ಕುಟ್ಟಿ ಬಿಚ್ಚಿದೆವು. ಇಪ್ಪತ್ತೇಳನೆಯದರಲ್ಲಿ ಗುಂಡು ಕಳಚಿತು, ಮದ್ದು ಉದುರಲಿಲ್ಲ. ಇನ್ನೊಂದು ಖಾಲಿ. ಅವರು ಬೈಯಲಿಲ್ಲ, ಅದನ್ನು ತೆಗೆದು ನನ್ನ ಕಡೆ ಸರಿಸಿ ಮುಂದಿನದಕ್ಕೆ ಕೈ ಹಾಕಿದರು. ಬೈದಿದ್ದರೆ ಹಗುರವಾಗುತ್ತಿತ್ತು.

ನಮ್ಮ ಕಡೆ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, ರಿವಾಲ್ವರ್‌ಗಿಲ್ಲ. ಹಾಗಾಗಿ ಇದನ್ನು ಕಲಿತದ್ದು ಇಲ್ಲಿಯೇ. ಆದರೂ ಕೋವಿಯ ಮನೆಯಲ್ಲಿ ಹುಟ್ಟಿದವನು, ನನಗೆ ಗೊತ್ತಿರುತ್ತದೆ ಎಂಬ ಒಂದು ಸೊಕ್ಕು ಒಳಗಿತ್ತು. ಅಪ್ಪನಾದರೋ ಅರವತ್ತು ದಾಟಿದ ಮೇಲೂ ಕೋವಿ ಕೈಗೆತ್ತಿಕೊಂಡಾಗ ಯಾರ ಜೊತೆಯೂ ಮಾತಾಡುವುದಿಲ್ಲ. ಚಿಕ್ಕವನಿದ್ದಾಗ ಅದನ್ನು ಗತ್ತು ಅಂದುಕೊಂಡಿದ್ದೆ.

ನಿನ್ನೆ ಅವ್ವ ಮತ್ತೆ ಫೋನ್ ಮಾಡಿದ್ದರು. "ಆವತ್ತು ಕೋವಿ ಶಬ್ದ ಸರಿಯಾಗಿ ಕೇಳಿಸ್ತಾ?" ಅಂದರು.

"ಕೇಳಿಸ್ತು ಅವ್ವ," ಅಂದೆ. "ಅಪ್ಪನಿಗೆ ಕೊಡಿ."