ಹೆದರಿಸಬೇಕು, ಆದ್ರೆ ಅಂದವಾಗಿ: ಹ್ಯಾಲೋವೀನ್ ಟೇಬಲ್ ಬಗ್ಗೆ ನನ್ನ ಉತ್ತರ

ಸೆಪ್ಟೆಂಬರ್ ಮುಗಿಯುತ್ತಿದ್ದ ಹಾಗೆ ನನ್ನ ಫೋನಿಗೆ ಬೇರೆ ಬೇರೆಯವರಿಂದ ಒಂದೇ ಪ್ರಶ್ನೆ ಬರೋಕೆ ಶುರುವಾಗುತ್ತದೆ. “ಅಕ್ಕಾ, ಈ ಸಲ ಹ್ಯಾಲೋವೀನ್ ಊಟ ನಮ್ಮನೇಲಿ. ಬರೋರೆಲ್ಲ ದೊಡ್ಡವರು. ಟೇಬಲ್ ನೋಡಿದ್ರೆ ಮೈ ಜುಮ್ ಅನ್ನಬೇಕು, ಆದ್ರೆ ಮಕ್ಕಳ ಬರ್ತ್‌ಡೇ ಪಾರ್ಟಿ ತರ ಕಾಣಬಾರದು. ಏನೇನು ತರಲಿ?” ನಾನಿರುವುದು ನ್ಯೂಜೆರ್ಸಿಯಲ್ಲಿ. ಇಲ್ಲಿ ಅಕ್ಟೋಬರ್ 31 ಮಕ್ಕಳು ಮನೆಮನೆಗೆ ಹೋಗಿ ಚಾಕಲೇಟ್ ಕೇಳುವ ಸಂಜೆ. ಅದರ ಹಿಂದುಮುಂದಿನ ಶನಿವಾರ ಯಾರಾದರೊಬ್ಬರ ಮನೆಯಲ್ಲಿ ದೊಡ್ಡವರ ಊಟವೂ ಇದ್ದೇ ಇರುತ್ತದೆ. ಒಬ್ಬೊಬ್ಬರಿಗೂ ಟೈಪ್ ಮಾಡಿ ಸಾಕಾಯಿತು. ಅದಕ್ಕೇ ಇಲ್ಲಿ ಬರೆದು ಹಾಕುತ್ತಿದ್ದೇನೆ.

ಚಿಕ್ಕ ಉತ್ತರ: ಸದ್ಯಕ್ಕೆ ಏನೂ ತರಬೇಡಿ. ಮೊದಲು ಊಟದ ಕೋಣೆಯ ಸೀಲಿಂಗ್ ಲೈಟ್ ಆರಿಸಿ, ಟೇಬಲ್ ಹೇಗೆ ಕಾಣುತ್ತದೆ ನೋಡಿ.

ಅಂಗಡಿಗೆ ಹೋದರೆ ಏನು ಸಿಗುತ್ತದೆ ಅಂತ ಎಲ್ಲರಿಗೂ ಗೊತ್ತು. ಪ್ಲಾಸ್ಟಿಕ್ ಜೇಡ, ಕತ್ತರಿಸಿದ ರಬ್ಬರ್ ಕೈ, ರಕ್ತ ಸೋರಿದ ಹಾಗೆ ಪ್ರಿಂಟ್ ಮಾಡಿದ ಟೇಬಲ್ ಕವರ್, ಕಿತ್ತಳೆ, ನೇರಳೆ, ಮತ್ತೆ ಆ ಕಣ್ಣು ಕುಕ್ಕುವ ಹಸಿರು. ಇವು ಅಂಗಳಕ್ಕೆ ಚೆನ್ನ. ಇಲ್ಲಿನ ದೊಡ್ಡ ಹಾರ್ಡ್‌ವೇರ್ ಅಂಗಡಿ ಹೋಮ್ ಡಿಪೋದವರು 2020ರಲ್ಲಿ ಮಾರಾಟಕ್ಕೆ ಬಿಟ್ಟ 12 ಅಡಿ ಎತ್ತರದ ಅಸ್ಥಿಪಂಜರವನ್ನು ಮನೆ ಮುಂದೆ ನಿಲ್ಲಿಸಿದರೆ ರಸ್ತೆಯಲ್ಲಿ ಹೋಗುವವರಿಗೆ ಮಜಾ. ಆದರೆ ಊಟಕ್ಕೆ ಕೂತವರು ಟೇಬಲ್ಲನ್ನು ಒಂದೆರಡು ಅಡಿ ದೂರದಿಂದ, ಎರಡು ಮೂರು ಗಂಟೆ ನೋಡುತ್ತಾರೆ. ಅಷ್ಟು ಹತ್ತಿರದಿಂದ ನೋಡಿದಾಗ ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ. ರಕ್ತ ನೋಡಿದರೆ ಹೆದರಿಕೆ ಆಗಲ್ಲ, ಅಸಹ್ಯ ಆಗುತ್ತದೆ. ಅನ್ನ ಕಲಸುವಾಗ ಯಾರಿಗೆ ಬೇಕು ಅದು?

ಅಂದವೂ ಇರಬೇಕು, ಹೆದರಿಕೆಯೂ ಇರಬೇಕು ಅಂದರೆ ನನ್ನ ಪ್ರಕಾರ ದಾರಿ ಒಂದೇ. ಟೇಬಲ್ ಹಳೆಯದಾಗಿ ಕಾಣಬೇಕು. ಮಾಸಿದ ಬಟ್ಟೆ, ಕರಗಿದ ಮೇಣ, ಬಾಡಿದ ಹೂವು, ಕಪ್ಪಾದ ಬೆಳ್ಳಿ. ಇದು ನಾನು ಕಂಡುಹಿಡಿದದ್ದೇನಲ್ಲ. 17ನೇ ಶತಮಾನದ ಡಚ್ ಚಿತ್ರಕಾರರು ಇಂಥ ಟೇಬಲ್‌ಗಳನ್ನೇ ಮತ್ತೆ ಮತ್ತೆ ಬರೆದರು. ಒಂದು ತಲೆಬುರುಡೆ, ಮಗುಚಿದ ಗ್ಲಾಸು, ಆರಿದ ದೀಪ, ಗಡಿಯಾರ. ಬದುಕು ಕ್ಷಣಿಕ ಅಂತ ನೆನಪಿಸುವ ಇಂಥ ಚಿತ್ರಗಳನ್ನು ವ್ಯಾನಿಟಾಸ್ ಅಂತ ಕರೆಯುತ್ತಾರೆ. ಪೀಟರ್ ಕ್ಲಾಸ್ 1630ರಲ್ಲಿ ಬರೆದ ಅಂಥದ್ದೊಂದು ಚಿತ್ರ ಹೇಗ್ ನಗರದ ಮೌರಿಟ್ಸ್‌ಹೌಸ್ ಮ್ಯೂಸಿಯಂನಲ್ಲಿದೆ. ಆನ್‌ಲೈನಲ್ಲಿ ಹುಡುಕಿ ಒಮ್ಮೆ ನೋಡಿ. ಬಣ್ಣ ಅಂದರೆ ಕಂದು, ಬೂದಿ, ಮಾಸಲು ಹಳದಿ, ಅಷ್ಟೇ. ನೂರು ಪಿಂಟರೆಸ್ಟ್ ಚಿತ್ರಗಳಿಗಿಂತ ಅದೊಂದು ಜಾಸ್ತಿ ಕಲಿಸುತ್ತದೆ.

ಈಗ ಬೆಳಕಿಗೆ ಬರೋಣ, ಮುಕ್ಕಾಲು ಕೆಲಸ ಅದರದ್ದೇ. ಬಲ್ಬಿನ ಡಬ್ಬಿ ಮೇಲೆ ಕೆಲ್ವಿನ್ ಅಂತ ಒಂದು ನಂಬರ್ ಇರುತ್ತದೆ. 5000 ಅಂದರೆ ಟ್ಯೂಬ್‌ಲೈಟ್ ಬಿಳಿ, 2700 ಅಂದರೆ ಮನೆಯ ಹಳದಿ ಬೆಳಕು, ಮೇಣದಬತ್ತಿಯ ಜ್ವಾಲೆ 1900ರ ಆಸುಪಾಸು. ಬಿಳಿ ಬೆಳಕಿನಲ್ಲಿ ಯಾವ ಟೇಬಲ್ಲೂ ಹೆದರಿಸಲ್ಲ, ಆಫೀಸ್ ಕ್ಯಾಂಟೀನ್ ಆಗಿಬಿಡುತ್ತದೆ. ಮೂಲೆಯಲ್ಲಿ ಒಂದು ಸಣ್ಣ ಹಳದಿ ದೀಪ ಇರಲಿ, ಯಾರೂ ಕುರ್ಚಿ ಎಡವಬಾರದಲ್ಲ. ಉಳಿದದ್ದೆಲ್ಲ ಮೇಣದಬತ್ತಿಯೇ.

ಎಲ್ಲರೂ ಕಪ್ಪು ಬತ್ತಿ ಕೊಳ್ಳುತ್ತಾರೆ. ನಾನು ಬೇಡ ಅನ್ನುತ್ತೇನೆ. ಕಪ್ಪು ಬಟ್ಟೆ ಮೇಲೆ ಕಪ್ಪು ಬತ್ತಿ ಕಾಣಿಸುವುದೇ ಇಲ್ಲ, ಜ್ವಾಲೆ ಸುಮ್ನೆ ಗಾಳಿಯಲ್ಲಿ ನಿಂತ ಹಾಗಿರುತ್ತದೆ. ಜೊತೆಗೆ ಎಷ್ಟೋ ಬತ್ತಿಗಳಲ್ಲಿ ಕಪ್ಪು ಹೊರಗಿನ ಪದರ ಮಾತ್ರ. ಬುಡ ತಿರುಗಿಸಿ ನೋಡಿ, ಒಳಗೆ ಬಿಳಿ ಇರುತ್ತದೆ. ಸ್ವಲ್ಪ ಹಳದಿಗಿರುವ ಐವರಿ ಬತ್ತಿ ತನ್ನಿ. ಅರೆಗತ್ತಲಲ್ಲಿ ಅದು ಥೇಟ್ ಮೂಳೆಯ ಬಣ್ಣ. ಪ್ಯಾಕೆಟ್ ಮೇಲೆ ಡ್ರಿಪ್‌ಲೆಸ್ ಅಂತ ಬರೆದಿದ್ದರೆ ಅದು ಬೇಡ, ನಮಗೆ ಮೇಣ ಸೋರಬೇಕು. ಹಿಂದಿನ ದಿನವೇ ಒಂದು ತಟ್ಟೆಯಲ್ಲಿ ನಿಲ್ಲಿಸಿ, ಕಿಟಕಿ ಚೂರು ತೆರೆದು, ಪಕ್ಕದಲ್ಲೇ ಕೂತು ಉರಿಸಿ. ಗಾಳಿಗೆ ಜ್ವಾಲೆ ಒಂದು ಕಡೆ ವಾಲುತ್ತದೆ, ಆ ಕಡೆಯ ಅಂಚು ಮೊದಲು ಕರಗುತ್ತದೆ, ಮೇಣ ಒಂದೇ ಬದಿಗೆ ಹನಿ ಹನಿಯಾಗಿ ಇಳಿದು ಗಟ್ಟಿಯಾಗುತ್ತದೆ. ಒಂದೊಂದು ಬತ್ತಿಯನ್ನು ಒಂದೊಂದು ಮಟ್ಟಕ್ಕೆ ಆರಿಸಿ. ಮಾರನೇ ದಿನ ಎಲ್ಲ ಒಟ್ಟಿಗೆ ಇಟ್ಟಾಗ ಯಾವುದೂ ಹೊಸದಾಗಿ ಕಾಣುವುದಿಲ್ಲ. ವಾಸನೆಯ ಬತ್ತಿ ಮಾತ್ರ ಊಟದ ಟೇಬಲ್ ಮೇಲೆ ಖಂಡಿತ ಬೇಡ. ಒಗ್ಗರಣೆಗೂ ವೆನಿಲಾಕ್ಕೂ ಆಗಿಬರಲ್ಲ.

ಎತ್ತರದ ವಿಷಯ ಬಹಳ ಜನ ಮರೆಯುತ್ತಾರೆ. ಟೇಬಲ್ ಮೇಲೆ ಮೊಣಕೈ ಊರಿ ಮುಷ್ಟಿ ಎತ್ತಿ ಹಿಡಿಯಿರಿ. ಮಧ್ಯದ ಅಲಂಕಾರ ಅದಕ್ಕಿಂತ ತಗ್ಗಿರಬೇಕು. ಇಲ್ಲದಿದ್ದರೆ ಎದುರಿಗೆ ಕೂತವರ ಮುಖ ಕಾಣಲ್ಲ, ಮಾತು ನಿಂತುಹೋಗುತ್ತದೆ. ಜ್ವಾಲೆ ಮಾತ್ರ ಕಣ್ಣಿನ ಮಟ್ಟಕ್ಕೆ ಬರಬಾರದು. ಗಲ್ಲಕ್ಕಿಂತ ಕೆಳಗೆ ಉರಿದರೆ ಮುಖದ ಮೇಲೆ ನೆರಳು ಕೆಳಗಿಂದ ಬೀಳುತ್ತದೆ, ಬಂದವರೇ ಸ್ವಲ್ಪ ದೆವ್ವದ ಕಳೆ ಪಡೆಯುತ್ತಾರೆ. ಪುಕ್ಕಟೆ ಅಲಂಕಾರ!

ಬಟ್ಟೆ. ಹೊಳೆಯುವ ಕಪ್ಪು ಸ್ಯಾಟಿನ್ ತರಬೇಡಿ, ಒಂದು ಅನ್ನದ ಅಗುಳು ಬಿದ್ದರೂ ಎದ್ದು ಕಾಣುತ್ತದೆ. ಗಾಢ ಬೂದಿ ಅಥವಾ ಕಪ್ಪಿಗೆ ತಿರುಗಿದ ಮರೂನ್ ಬಣ್ಣದ ಹತ್ತಿ ಬಟ್ಟೆ ಸಾಕು. ಅದರ ಮೇಲೆ ಉದ್ದಕ್ಕೆ ಚೀಸ್‌ಕ್ಲಾತ್ ಹಾಸಿ. ಪನೀರ್ ಸೋಸುವ ಜಾಳು ಬಟ್ಟೆ, ಅದೇ. ಅದರಲ್ಲಿ ಗ್ರೇಡ್ ಇರುತ್ತದೆ, 10 ತುಂಬಾ ಜಾಳು, 90 ತುಂಬಾ ಒತ್ತು. ನಮಗೆ 10. ದೊಡ್ಡ ಪಾತ್ರೆಯಲ್ಲಿ ಕಡಕ್ ಚಹಾ ಡಿಕಾಕ್ಷನ್ ಮಾಡಿ ಅರ್ಧ ಗಂಟೆ ನೆನೆಸಿ. ಚಹಾ ಪುಡಿಗೆ ನಮ್ಮ ಮನೆಗಳಲ್ಲಿ ಬರವಿಲ್ಲ. ತೆಗೆದು ಹಿಂಡಿ, ಬಿಡಿಸಿ ಒಣಹಾಕಬೇಡಿ, ಮುದ್ದೆಯಾಗಿಯೇ ಬಿಡಿ. ಬಣ್ಣ ಮಡಿಕೆಗಳಲ್ಲಿ ಕೂತು ಒಣಗುತ್ತದೆ, ಅಲ್ಲಲ್ಲಿ ಗಾಢ, ಅಲ್ಲಲ್ಲಿ ತೆಳು. ಆಮೇಲೆ ಅಂಚನ್ನು ಕತ್ತರಿಯಿಂದ ಕತ್ತರಿಸದೆ ಕೈಯಿಂದ ಹರಿಯಿರಿ, ದಾರ ಜೋತಾಡಲಿ. ಇದರ ಮುಂದೆ ಅಂಗಡಿಯ ಹತ್ತಿಯ ಜೇಡರಬಲೆ ಏನೂ ಅಲ್ಲ. ಆ ಹತ್ತಿ ಊಟಕ್ಕೂ ಅಂಟುತ್ತದೆ, ಹೊರಗೆ ಗಿಡಗಳಿಗೆ ಸುತ್ತಿದರೆ ಹಕ್ಕಿಗಳೂ ಸಿಕ್ಕಿಹಾಕಿಕೊಳ್ಳುತ್ತವೆ. ಒಂದು ಎಚ್ಚರಿಕೆ: ಜಾಳು ಬಟ್ಟೆಗೆ ಬೆಂಕಿ ಬೇಗ ತಗುಲುತ್ತದೆ. ಬತ್ತಿಗಳನ್ನು ತಟ್ಟೆಯಲ್ಲಿಟ್ಟು, ಬಟ್ಟೆಯನ್ನು ತಟ್ಟೆಯಿಂದ ಒಂದು ಗೇಣು ದೂರ ಸರಿಸಿ.

ಹೂವಿಗೆ ದುಡ್ಡು ಸುರಿಯಬೇಡಿ. ಗುಲಾಬಿಯನ್ನು ಎರಡು ವಾರ ಮೊದಲೇ ತಂದು ತಲೆಕೆಳಗಾಗಿ ನೇತುಹಾಕಿದರೆ ಸಾಕು. ಕೆಂಪು ಗುಲಾಬಿ ಒಣಗಿದರೆ ಬಹುತೇಕ ಕಪ್ಪೇ. ಅಕ್ಟೋಬರ್ ಹೊತ್ತಿಗೆ ಇಲ್ಲಿನ ಫಾರ್ಮರ್ಸ್ ಮಾರ್ಕೆಟ್‌ಗಳಲ್ಲಿ ಕೋಳಿಜುಟ್ಟಿನ ಹೂವು ಬರುತ್ತದೆ. ನಮ್ಮೂರಿನ ಹಿತ್ತಲಲ್ಲಿ ನೋಡಿದಾಗ ಮುದ್ದಾಗಿ ಕಂಡಿತ್ತು. ಅದನ್ನೇ ಮಂದ ಬೆಳಕಿನಲ್ಲಿ ಒಂದು ಬಟ್ಟಲಲ್ಲಿ ಒತ್ತಾಗಿ ಜೋಡಿಸಿ, ಸಾಕ್ಷಾತ್ ಮಿದುಳು. ದಂಟಿನ ಜಾತಿಯದ್ದೇ ಒಂದು ಗಿಡದ ಕಡುಗೆಂಪು ತೆನೆಯೂ ಸಿಗುತ್ತದೆ, ಟೇಬಲ್ ಅಂಚಿನಿಂದ ಕೆಳಗೆ ಇಳಿಬಿಡಬಹುದು. ರಕ್ತ ಬೇಕೇ ಬೇಕು ಅನ್ನುವವರಿಗೆ ಇದು ಸಾಕು. ಕಾಡಂಚಿನಲ್ಲಿ ಕಿತ್ತಳೆ ಕಾಯಿ ಬಿಟ್ಟ ಬಿಟರ್‌ಸ್ವೀಟ್ ಬಳ್ಳಿ ಚಂದ ಕಾಣುತ್ತದೆ ಅಂತ ಕಿತ್ತು ತರಬೇಡಿ. ಕಾಯಿ ವಿಷ. ಹೊರಗೆ ಎಸೆದರೆ ಹಕ್ಕಿಗಳು ಬೀಜ ಹರಡಿ ಇದ್ದಬದ್ದ ಮರಗಳನ್ನೆಲ್ಲ ಆ ಬಳ್ಳಿ ಸುತ್ತಿಕೊಳ್ಳುತ್ತದೆ.

ಇನ್ನು ಕುಂಬಳ. ಕಿತ್ತಳೆ ಕುಂಬಳ ಮೆಟ್ಟಿಲ ಮೇಲೆ ಇರಲಿ. ಟೇಬಲ್‌ಗೆ ಜರಾಡೇಲ್ ಅನ್ನುವ ಆಸ್ಟ್ರೇಲಿಯಾ ತಳಿ ನನಗಿಷ್ಟ. ಅದರ ಸಿಪ್ಪೆ ನೀಲಿ ಕಲಸಿದ ಬೂದಿ. ಪುಟ್ಟ ಬಿಳಿ ಬೇಬಿ ಬೂ ಕೂಡ ಒಂದೆರಡು. ಕೊರೆಯಬೇಡಿ, ಇಡಿಯಾಗಿಯೇ ಇಡಿ. ಕೊರೆದ ಕುಂಬಳ ಬೆಚ್ಚಗಿನ ಮನೆಯೊಳಗೆ ಬೇಗ ಕೊಳೆಯುತ್ತದೆ, ವಾಸನೆಯೂ ಬರುತ್ತದೆ.

ಕೊರೆಯಲೇಬೇಕು ಅಂತಿದ್ದರೆ ಟರ್ನಿಪ್ ಕೊರೆಯಿರಿ, ಮೂಲಂಗಿ ಜಾತಿಯ ದುಂಡನೆಯ ಗಡ್ಡೆ ಅದು. ಮೂಲದಲ್ಲಿ ಇದ್ದದ್ದೇ ಅದು. ಐರ್ಲೆಂಡಿನ ಜನ ಈ ರಾತ್ರಿಗೆ ಟರ್ನಿಪ್ ಕೊರೆದು ದೀಪ ಇಡುತ್ತಿದ್ದರು. ಅಮೆರಿಕಕ್ಕೆ ವಲಸೆ ಬಂದ ಮೇಲೆ ಇಲ್ಲಿನ ಕುಂಬಳ ಅದರ ಜಾಗಕ್ಕೆ ಬಂತು. ಐರ್ಲೆಂಡಿನ ಮೇಯೋ ಕೌಂಟಿಯಲ್ಲಿರುವ ಕಂಟ್ರಿ ಲೈಫ್ ಮ್ಯೂಸಿಯಂನಲ್ಲಿ ಸುಮಾರು 1900ರ ಕಾಲದ ಅಂಥ ಒಂದು ಟರ್ನಿಪ್ ಮುಖದ ಅಚ್ಚು ಇದೆ. ಫೋಟೋ ನೋಡಿದರೇ ಎದೆ ಝಲ್ ಅನ್ನುತ್ತದೆ. ಕುಂಬಳಕಾಯಿಯ ನಗುಮುಖ ಎಲ್ಲಿ, ಆ ಹಲ್ಲು ಕಿರಿದ ಸುಕ್ಕು ಮುಖ ಎಲ್ಲಿ! ದೊಡ್ಡ ಟರ್ನಿಪ್ ತಗೊಂಡು ಮೇಲ್ಭಾಗ ಕತ್ತರಿಸಿ, ಗಟ್ಟಿ ಸ್ಟೀಲ್ ಚಮಚದಿಂದ ಒಳಗೆಲ್ಲ ಕೆರೆದು ತೆಗೆಯಿರಿ. ಕುಂಬಳದಷ್ಟು ಸುಲಭ ಅಲ್ಲ, ಕೈ ನೋಯುತ್ತದೆ. ಗೋಡೆ ಹೆಬ್ಬೆರಳಿಗಿಂತ ತೆಳುವಾಗಲಿ. ಎರಡು ಸಣ್ಣ ಕಣ್ಣು, ವಕ್ರ ಬಾಯಿ, ಬೇಕಾದರೆ ಹಲ್ಲಿನ ಜಾಗಕ್ಕೆ ಮುರಿದ ಟೂತ್‌ಪಿಕ್. ಆಮೇಲೆ ನಾಲ್ಕೈದು ದಿನ ತಣ್ಣನೆಯ ಗರಾಜಿನಲ್ಲಿ ಬಿಟ್ಟುಬಿಡಿ. ನೀರು ಆರಿ ಸಿಪ್ಪೆ ಸುಕ್ಕಾಗುತ್ತದೆ, ಕಣ್ಣು ಒಳಕ್ಕೆ ಹೋಗುತ್ತದೆ, ತುಟಿ ಹಿಂದಕ್ಕೆ ಸರಿಯುತ್ತದೆ. ನೀವು ಕೊರೆದದ್ದಕ್ಕಿಂತ ಭಯಂಕರವಾದ ಮುಖ ತಾನಾಗೇ ತಯಾರಾಗುತ್ತದೆ. ಒಳಗೆ ಬ್ಯಾಟರಿ ದೀಪ ಇಡಿ. ನಿಜವಾದ ಬತ್ತಿ ಇಟ್ಟರೆ ಮನೆಯೆಲ್ಲ ಬೇಯಿಸಿದ ಟರ್ನಿಪ್ ವಾಸನೆ.

ಟೇಬಲ್ ಮೇಲೆ ಹೆದರಿಸುವ ವಸ್ತು ಅಂತ ಇರುವುದು ಅದೊಂದೇ ಆಗಿರಲಿ. ಟರ್ನಿಪ್ ಇಟ್ಟರೆ ಬುರುಡೆ ಬೇಡ, ಬುರುಡೆ ಇಟ್ಟರೆ ಟರ್ನಿಪ್ ಬೇಡ. ಎರಡೂ ಇಟ್ಟರೆ ಎರಡೂ ತಮಾಷೆ.

ಬೆಳ್ಳಿ ಚಮಚ ಇದ್ದರೆ ತಿನ್ನುವ ಭಾಗ ಮಾತ್ರ ತೊಳೆಯಿರಿ, ಹಿಡಿಯ ಕಪ್ಪನ್ನು ಉಜ್ಜಬೇಡಿ. ಬಳಸಿದ ಸಾಮಾನು ಮಾರುವ ಥ್ರಿಫ್ಟ್ ಅಂಗಡಿಗಳಲ್ಲಿ ಹಳೆಯ ಹಿತ್ತಾಳೆ ಕ್ಯಾಂಡಲ್ ಸ್ಟ್ಯಾಂಡ್ ಅಗ್ಗಕ್ಕೆ ಸಿಗುತ್ತವೆ, ಜೊತೆಜೊತೆಯಾಗಿ ಹೊಂದದಿದ್ದರೆ ಇನ್ನೂ ಒಳ್ಳೆಯದು. “ದೇವರ ಮನೆಯ ದೀಪದ ಕಂಬ ಇಡಬಹುದಾ ಅಕ್ಕಾ?” ಅಂತ ಒಬ್ಬಳು ಕೇಳಿದ್ದಳು. ಬೇಡಮ್ಮ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೇ ಬಂದಿತ್ತು, ಬೆಳಿಗ್ಗೆ ಎಣ್ಣೆ ಸ್ನಾನ, ಸಂಜೆ ಮಾಟಗಾತಿ ಟೋಪಿ ಅಂತ ಇಲ್ಲಿ ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಆದರೂ ಹಣತೆ ಬಾಗಿಲ ಕಡೆ, ಬುರುಡೆ ಊಟದ ಕೋಣೆ ಕಡೆ ಅಂತ ಗೆರೆ ಎಳೆದುಕೊಂಡರೆ ಅತ್ತೆಯವರ ಜೊತೆ ವೀಡಿಯೊ ಕಾಲ್ ಸುಸೂತ್ರವಾಗಿ ನಡೆಯುತ್ತದೆ.

ಹಾಗೇ ಬಣ್ಣಬಣ್ಣದ ಹೂ ಬಿಡಿಸಿದ ಮೆಕ್ಸಿಕೋ ಬುರುಡೆಗಳನ್ನೂ ಇದಕ್ಕೆ ಸೇರಿಸಬೇಡಿ. ನವೆಂಬರ್ 1 ಮತ್ತು 2ರಂದು ಅವರು ತೀರಿಕೊಂಡವರಿಗೆ ಎಡೆ ಇಡುತ್ತಾರೆ, ಚೆಂಡುಹೂವು ಹಾಕುತ್ತಾರೆ. ನಮ್ಮ ಹಬ್ಬಗಳಲ್ಲೆಲ್ಲ ಮೆರೆಯುವ ಚೆಂಡುಹೂವು ಬಂದದ್ದೂ ಆ ಕಡೆಯಿಂದಲೇ. ಅದು ಹೆದರಿಸುವ ಹಬ್ಬ ಅಲ್ಲ, ನೆನೆಯುವ ಹಬ್ಬ. ನಮ್ಮ ಪಕ್ಷಮಾಸದ ಎಡೆಯನ್ನು ಯಾರಾದರೂ ಪಾರ್ಟಿ ಅಲಂಕಾರ ಮಾಡಿದರೆ ನಮಗೆ ಹೇಗನಿಸುತ್ತದೆ, ಅಲ್ವಾ?

ಊಟದ ವಿಷಯ ಬೇಗ ಮುಗಿಸುತ್ತೇನೆ. ಸಾಸೇಜ್ ಬೆರಳು, ಮೊಟ್ಟೆಯ ಕಣ್ಣುಗುಡ್ಡೆ ಬೇಡ. ತಾನಾಗೇ ಕಪ್ಪು, ಕೆಂಪು ಇರುವುದನ್ನು ಆರಿಸಿ. ಕಪ್ಪು ದ್ರಾಕ್ಷಿ, ಅಂಜೂರ, ಚಾಕು ಹಾಕದೆ ಕೈಯಿಂದ ಬಿರಿದ ದಾಳಿಂಬೆ. ಬಂದವರೆಲ್ಲ ನಮ್ಮವರಾದರೆ ಕಪ್ಪು ಬಟ್ಟಲಲ್ಲಿ ರಾಗಿ ಮುದ್ದೆ, ಸುತ್ತ ಬೀಟ್‌ರೂಟ್ ಸಾರು, ಪಕ್ಕದಲ್ಲಿ ಹುಚ್ಚೆಳ್ಳು ಚಟ್ನಿಪುಡಿ. ನಗಬೇಡಿ, ಮೇಣದಬತ್ತಿ ಬೆಳಕಲ್ಲಿ ಒಮ್ಮೆ ಇಟ್ಟು ನೋಡಿ. ಬಾಗಿಲಿಗೆ ಸೀಮೆಸುಣ್ಣದಲ್ಲಿ “ನಾಳೆ ಬಾ” ಅಂತ ಬರೆದರಂತೂ ತೊಂಬತ್ತರ ದಶಕದಲ್ಲಿ ಬೆಂಗಳೂರಲ್ಲಿ ಬೆಳೆದವರು ಒಳಗೆ ಬರುವ ಮೊದಲೇ ಅರ್ಧ ಗಂಟೆ ಕಥೆ ಹೇಳುತ್ತಾರೆ. ಬೀದಿಯಲ್ಲಿ ಅಲೆಯುವ ದೆವ್ವ ಬಾಗಿಲು ತಟ್ಟಿದರೆ ಓದಿಕೊಂಡು ವಾಪಸ್ ಹೋಗಲಿ ಅಂತ ಮನೆಮನೆಗೂ ಬರೆದಿದ್ದರಲ್ಲ.

ಡ್ರೈ ಐಸ್ ಹೊಗೆ ಎಬ್ಬಿಸಬಹುದಾ ಅಂತಲೂ ಕೇಳುತ್ತಾರೆ. ಟೇಬಲ್ ಮೇಲೆ ನಾನು ಇಡಲ್ಲ. ಅದು ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್, ಮೈನಸ್ 78 ಡಿಗ್ರಿ ಸೆಲ್ಸಿಯಸ್. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟ ಹಾಗೆ ಗಾಯವಾಗುತ್ತದೆ, ಚೂರು ಗ್ಲಾಸಿನೊಳಗೆ ಸೇರಿ ಹೊಟ್ಟೆಗೆ ಹೋದರೆ ಅಪಾಯ, ಮುಚ್ಚಿದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಇಷ್ಟೆಲ್ಲ ರಗಳೆ ಮಾಡಿಕೊಂಡರೂ ಹೊಗೆ ಸ್ವಲ್ಪ ಹೊತ್ತಷ್ಟೇ. ಬೇಕೇ ಬೇಕು ಅನ್ನಿಸಿದರೆ ಹೊರಗೆ ಮೆಟ್ಟಿಲ ಹತ್ತಿರ ಇಡಿ.

ಮಾರನೇ ದಿನ ಬಟ್ಟೆಗೆ ಅಂಟಿದ ಮೇಣದ ಮೇಲೆ ಐಸ್ ಇಟ್ಟು ಗಟ್ಟಿ ಮಾಡಿ ಎಬ್ಬಿಸಿ. ಉಳಿದದ್ದಕ್ಕೆ ಪೇಪರ್ ಟವೆಲ್ ಹಾಕಿ ಹಗುರವಾಗಿ ಇಸ್ತ್ರಿ ಎಳೆದರೆ ಮೇಣ ಕಾಗದಕ್ಕೆ ಹೀರಿಕೊಳ್ಳುತ್ತದೆ. ಕೊರೆಯದ ಜರಾಡೇಲ್ ತಣ್ಣಗಿನ ಜಾಗದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಒಳಗೆ ಒಳ್ಳೆ ಕೇಸರಿ ತಿರುಳು, ಹುಳಿಗೂ ಬರುತ್ತದೆ, ಪಲ್ಯಕ್ಕೂ ಬರುತ್ತದೆ. ಬಣ್ಣ ಬಳಿದ ಕುಂಬಳ ಮಾತ್ರ ಅಡುಗೆಗೂ ಬೇಡ, ಕಾಂಪೋಸ್ಟಿಗೂ ಬೇಡ, ನೇರ ಕಸದ ಡಬ್ಬಿಗೆ.